ಅಮ್ಮನಿಗೆ ಊರು ಬೇಡವಂತೆ

"ಅಮ್ಮನಿಗೆ ಏನೋ ಆಗಿದೆ ಮೇಡಂ. ಊರಿಗೆ ಹೋಗಲ್ಲ ಅಂತಾಳೆ."

2025ರ ಯುಗಾದಿ ಕಳೆದ ಮರುವಾರ. ಜಯನಗರದ ನನ್ನ ಆಪ್ತಸಮಾಲೋಚನೆಯ ಕೋಣೆಗೆ ಬಂದು ಕೂತ ಕೂಡಲೇ ಅವರು ಆಡಿದ ಮೊದಲ ಮಾತು ಇದು. ನೀರು ಕೊಟ್ಟೆ. ಕುಡಿಯದೆ ಲೋಟ ಕೈಯಲ್ಲೇ ಹಿಡಿದುಕೊಂಡಿದ್ದರು.

ವಯಸ್ಸು 38. ಸಾಫ್ಟ್‌ವೇರ್ ಕೆಲಸ. ಬಾಡಿಗೆ ಮನೆ ಕತ್ತರಿಗುಪ್ಪೆ ಕಡೆ, ಆಫೀಸು ಬೆಳ್ಳಂದೂರಿನ ಹತ್ತಿರ ರಿಂಗ್ ರೋಡಿನಲ್ಲಿ. ವಾರಕ್ಕೆ ಮೂರು ದಿನ ಹೋಗಲೇಬೇಕು. ಹೆಂಡತಿಯೂ ಕೆಲಸಕ್ಕೆ ಹೋಗುತ್ತಾರೆ. ಹಿಂದಿನ ವರ್ಷದ ಆಷಾಢದಲ್ಲಿ ಅಪ್ಪ ತೀರಿಕೊಂಡರು. ಆಗುಂಬೆ ಘಾಟಿಗೆ ಹತ್ತಿರದ ಅಡಿಕೆ ತೋಟದ ಮನೆ. ಕರ್ಮಾಂತರ ಎಲ್ಲ ಮುಗಿದ ಮೇಲೆ "ಸ್ವಲ್ಪ ದಿನ ಬಂದಿರು" ಅಂತ ಅಮ್ಮನನ್ನು ಕರೆದುಕೊಂಡು ಬಂದಿದ್ದರು. ಹತ್ತಿರ ಹತ್ತಿರ ಒಂಬತ್ತು ತಿಂಗಳಾಗಿತ್ತು.

ಮುಂದೆ ಹೋಗುವ ಮೊದಲು ಒಂದು ಮಾತು. ಈ ಬರಹಕ್ಕೆ ಆ ಮನೆಯ ಮೂವರೂ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ವಯಸ್ಸು, ಬಡಾವಣೆ, ಊರುಗಳನ್ನು ಬದಲಾಯಿಸಿದ್ದೇನೆ. ಹೆಸರು ಹಾಕುವುದಿಲ್ಲ. ಮಗ, ಅಮ್ಮ, ಸೊಸೆ ಅಂತಲೇ ಕರೆಯುತ್ತೇನೆ.

ಮಗನಿಗೆ ಅಮ್ಮ ಭಾರ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕಂದರೆ ಇಂಥ ಕಥೆ ಕೇಳಿದ ತಕ್ಷಣ ನಾವು ಹಾಗೆಯೇ ಅಂದುಕೊಳ್ಳುತ್ತೇವೆ. ಅವರಿಗೆ ಅಮ್ಮನ ಮೇಲೆ ಜೀವ. ಎರಡು ಕೋಣೆಯ ಮನೆಯಲ್ಲಿ ಅಮ್ಮ ಬಾಡಿಹೋಗುತ್ತಿದ್ದಾಳೆ ಅನ್ನುವುದೇ ಅವರ ಸಂಕಟ. ಊರಿನ ಮನೆಗೆ ಹೊಸ ಇನ್ವರ್ಟರ್ ಹಾಕಿಸಿದ್ದರು. ಬಚ್ಚಲಿಗೆ ಸೋಲಾರ್ ಹಾಕಿಸಿದ್ದರು. ಹಗಲು ಬಂದುಹೋಗಲು ಒಬ್ಬ ಹೆಂಗಸನ್ನು ಗೊತ್ತುಮಾಡಿದ್ದರು. ಐದಾರು ವರ್ಷದಲ್ಲಿ ತಾವೂ ಅಲ್ಲಿಗೇ ಹೋಗಿ ನೆಲೆಸುವುದು ಅಂತ ಲೆಕ್ಕ. ಎಲ್ಲ ಸಿದ್ಧ ಮಾಡಿ "ಹೊರಡೋಣ" ಅಂದರೆ ಅಮ್ಮ ಒಂದೇ ಮಾತಲ್ಲಿ "ನಾ ಬರಲ್ಲ" ಅಂದುಬಿಟ್ಟರು.

"ಅಲ್ಲಿ ಎಂಥ ಗಾಳಿ, ಎಂಥ ನೀರು! ಜನ ದುಡ್ಡು ಕೊಟ್ಟು ಹೋಮ್‌ಸ್ಟೇಗೆ ಬರ್ತಾರೆ ಮೇಡಂ. ಅಂಥ ಮನೆ ಬಿಟ್ಟು ಈ ಹೊಗೆಯಲ್ಲಿ ಇರ್ತೀನಿ ಅಂದ್ರೆ ಅದು ನಾರ್ಮಲ್ ಅಲ್ವಲ್ಲ? ಡಿಪ್ರೆಶನ್ ಇರಬಹುದಾ? ಮರೆವಿನ ಕಾಯಿಲೆ ಏನಾದ್ರೂ ಶುರುವಾಗಿದೆಯಾ?"

ಆ ಅನುಮಾನವನ್ನು ನಾನು ತಳ್ಳಿಹಾಕಲಿಲ್ಲ. ವಯಸ್ಸಾದವರ ನಡವಳಿಕೆ ಬದಲಾದಾಗ ಮೊದಲು ದೇಹ ನೋಡಬೇಕು. ಥೈರಾಯಿಡ್ ಏರುಪೇರು, ಬಿ12 ಕೊರತೆ, ಕಿವಿ ಮಂದವಾಗುವುದು, ಇವೆಲ್ಲ ಮರೆವಿನ ಹಾಗೆ, ಮಂಕಿನ ಹಾಗೆ ಕಾಣಿಸಬಹುದು. ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಬೇರೆ ಕ್ಲಿನಿಕ್ ಇದೆ. ಮೊದಲು ವೈದ್ಯರ ಹತ್ತಿರ ತೋರಿಸಿಕೊಂಡು ಬನ್ನಿ ಅಂತ ಕಳಿಸಿದೆ. ಬಿ12 ಸ್ವಲ್ಪ ಕಡಿಮೆ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಬೇರೇನೂ ಇರಲಿಲ್ಲ. ನೆನಪಿನ ಶಕ್ತಿ ಚೆನ್ನಾಗಿತ್ತು. ಊಟ, ನಿದ್ದೆ ಸರಿಯಾಗಿತ್ತು. ಗಂಡ ಹೋದ ದುಃಖ ಇತ್ತು, ಇರಲೇಬೇಕಲ್ಲ.

ಎರಡನೇ ಭೇಟಿಗೆ ಅಮ್ಮ ಬಂದರು. 66 ವರ್ಷ. ಗಿಡ್ಡ ಆಳು, ಚುರುಕು ನಡಿಗೆ. ಕೈಯಲ್ಲಿ ಎಲೆಅಡಿಕೆ ಸಂಚಿ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. "ಊರು ನೆನಪಾಗುತ್ತಾ ಅಮ್ಮ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ತೋಟದ ಕಡೆ ಮನಸ್ಸು ಎಳೆಯಲ್ವಾ?" ಅಂದೆ. ಇನ್ನೊಂದು ಸುತ್ತು ಬಳಸಿ ಮತ್ತೆ ಅದನ್ನೇ ಕೇಳಿದೆ. ಅವರು ನನ್ನ ಮುಖ ನೋಡಿದರು.

"ಎಂತಕ್ಕೆ ಎಲ್ಲರೂ ಇದನ್ನೇ ಕೇಳ್ತೀರಿ? ಇಲ್ಲಿ ನೀ ಎಂತ ಮಾಡ್ತೀ ಅಂತ ಒಬ್ಬರೂ ಕೇಳಲ್ಲ."

ಅವರು ಹೇಳಿದ್ದು ಸರಿಯಾಗಿತ್ತು. ನಾನು ಹುಟ್ಟಿ ಬೆಳೆದಿದ್ದು ಬೆಂಗಳೂರಿನಲ್ಲೇ. ಮಲೆನಾಡು ಅಂದರೆ ನನಗೆ ಡಿಸೆಂಬರ್ ರಜೆ, ಬೆಳಗಿನ ಮಂಜು, ಬಿಸಿ ಕಡುಬು. ಆ ಕಣ್ಣಿನಿಂದಲೇ ಪ್ರಶ್ನೆ ಕೇಳಿದ್ದೆ. ಕ್ಷಮೆ ಕೇಳಿ, "ಸರಿ, ಇಲ್ಲಿ ಏನು ಮಾಡ್ತೀರಿ ಹೇಳಿ" ಅಂದೆ.

ಅವರು ಮಾತಾಡಲಿಲ್ಲ. ಸಂಚಿ ಬಿಚ್ಚಿದರು. ಎಲೆ, ಸುಣ್ಣದ ಡಬ್ಬಿ, ಅಡಿಕೆ ಎಲ್ಲ ಸರಿಸಿ, ತಳದಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟರು. ಎಲ್ಲ ಬಸ್ ಟಿಕೆಟ್‌ಗಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಆದರೆ ಟಿಕೆಟ್ ಕೊಡುತ್ತಾರೆ. ದರದ ಜಾಗದಲ್ಲಿ ಸೊನ್ನೆ ಇರುತ್ತದೆ. ಆ ಸೊನ್ನೆ ಟಿಕೆಟ್‌ಗಳನ್ನು ಇವರು ಒಂದೂ ಬಿಸಾಡಿರಲಿಲ್ಲ. ಸಂಚಿಯ ಸುಣ್ಣ, ತಂಬಾಕಿನ ವಾಸನೆ ಅವಕ್ಕೆ ಹತ್ತಿತ್ತು. ಹಳೆಯವುಗಳ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಆಗಿದ್ದವು. ಆದರೂ ಒಂದೊಂದನ್ನೇ ಎತ್ತಿ ಹೇಳಿದರು. ಇದು ಗಾಂಧಿ ಬಜಾರಿಗೆ. ಇದು ಲಾಲ್‌ಬಾಗಿಗೆ, ಹೂವಿನ ಪ್ರದರ್ಶನಕ್ಕೆ. ಇದು ಮಾರ್ಕೆಟ್ಟಿಗೆ, ಬರೀ ಹೂವಿನ ರಾಶಿ ನೋಡೋಕೆ. ಇದು ಕಾರ್ತಿಕ ಸೋಮವಾರ, ಬಸವನಗುಡಿಯ ಕಡಲೆಕಾಯಿ ಪರಿಷೆಗೆ. ಇದು ದಾರಿ ತಪ್ಪಿದ್ದು. ಆ ದಿನ ಕಂಡಕ್ಟರ್ ಹುಡುಗಿ ಇಳಿಸಿ, ಎದುರಿನ ಸ್ಟಾಪಿನವರೆಗೂ ಬಂದು ಬಿಟ್ಟುಹೋದಳಂತೆ.

ಮಗನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರು ಆಫೀಸಿನಲ್ಲಿ ಕೂತು "ಅಮ್ಮ ನಾಲ್ಕು ಗೋಡೆ ಮಧ್ಯೆ ಒಬ್ಬಳೇ ಇದ್ದಾಳೆ" ಅಂತ ಕೊರಗುವ ಹೊತ್ತಿಗೆ ಅಮ್ಮ ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುತ್ತಿದ್ದರು.

"ಹೇಳಬಹುದಿತ್ತಲ್ಲ ಅಮ್ಮ?"

"ಹೇಳಿದ್ರೆ ಹೆದರ್ತಾನೆ. ಒಬ್ಬಳೇ ಹೋಗಬೇಡ ಅಂತಾನೆ."

ಮಾತು ಬೆಳೆಯಿತು. ಅವರ ತವರು ತೀರ್ಥಹಳ್ಳಿ ಪೇಟೆ. ರಸ್ತೆಗೆ ಅಂಟಿಕೊಂಡ ಮನೆ. ಎಳ್ಳಮಾವಾಸ್ಯೆ ಜಾತ್ರೆಗೆ ಬರುವ ಜನ ಅವರ ಜಗಲಿ ಮುಂದೆಯೇ ಹೋಗುತ್ತಿದ್ದರು. ಬಸ್ಸಿನ ಸದ್ದಿಗೆ ಎದ್ದು, ಬಸ್ಸಿನ ಸದ್ದಿಗೆ ಮಲಗಿದ ಹುಡುಗಿ. 20 ವರ್ಷಕ್ಕೆ ಮದುವೆಯಾಗಿ ತೋಟದ ಮನೆಗೆ ಬಂದರು. ಮಲೆನಾಡಿನಲ್ಲಿ ಮನೆಗಳು ಒಂದರ ಪಕ್ಕ ಒಂದು ಇರುವುದಿಲ್ಲ. ಅವರವರ ತೋಟದ ನೆತ್ತಿಯಲ್ಲಿ ಅವರವರ ಮನೆ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಅಲ್ಲಿ 45 ವರ್ಷ ಬಾಳಿದರು. ಚೆನ್ನಾಗಿಯೇ ಬಾಳಿದರು, ದೂರು ಹೇಳಲಿಲ್ಲ.

ಆಮೇಲೆ ಒಂದು ಮಾತು ಹೇಳಿದರು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. "ಅದು ಅವರ ಊರು ಇವ್ರೇ. ನನ್ನ ಊರು ಅಂತ ಯಾರು ಹೇಳಿದ್ದು?"

ಮೂರನೇ ಭೇಟಿಯಲ್ಲಿ ಇಬ್ಬರಿಗೂ ಬೇರೆ ಬೇರೆ ಕೂರಿಸಿ ಕಾಗದ, ಪೆನ್ಸಿಲ್ ಕೊಟ್ಟೆ. ಒಂದು ಹಾಳೆಯಲ್ಲಿ ಊರು, ಇನ್ನೊಂದರಲ್ಲಿ ಬೆಂಗಳೂರು ಬರೆಯಿರಿ ಅಂದೆ. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ, ಮನಸ್ಸಿಗೆ ಬಂದ ಹಾಗೆ ಬರೆದರೆ ಸಾಕು. ಇದು ನನ್ನ ಸ್ವಂತ ಉಪಾಯ ಅಲ್ಲ. ಕೆವಿನ್ ಲಿಂಚ್ ಅನ್ನುವ ಅಮೆರಿಕದ ನಗರ ಯೋಜಕರು 1950ರ ದಶಕದಲ್ಲೇ ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್‌ನ ಜನರ ಕೈಯಲ್ಲಿ ಅವರವರ ಊರಿನ ನಕ್ಷೆ ಬರೆಸಿದ್ದರು. ಒಂದೇ ಊರಿನಲ್ಲಿ ಇದ್ದರೂ ಒಬ್ಬೊಬ್ಬರ ತಲೆಯೊಳಗೆ ಒಂದೊಂದು ಊರು ಇರುತ್ತದೆ. ಮಾತಿನಲ್ಲಿ ಹೊರಗೆ ಬಾರದ್ದು ಗೆರೆಯಲ್ಲಿ ಬರುತ್ತದೆ.

ಮಗ ಬರೆದ ಊರಿನಲ್ಲಿ ಹಳ್ಳ ಇತ್ತು. ಹಳ್ಳಕ್ಕೆ ಅಡ್ಡ ಅಡಿಕೆ ದಬ್ಬೆಯ ಸಂಕ ಇತ್ತು. ಜೋಕಾಲಿ ಕಟ್ಟಿದ ಮಾವಿನ ಮರ, ಜಗಲಿ, ಜಗಲಿಯಲ್ಲಿ ಕೂತ ಅಪ್ಪ. ಅಡುಗೆಮನೆ ಇರಲಿಲ್ಲ. ರಸ್ತೆ ಇರಲಿಲ್ಲ. ಮಳೆ ಇರಲಿಲ್ಲ. ಬೆಂಗಳೂರಿನ ಹಾಳೆಯಲ್ಲಿ ಎರಡು ಚೌಕ, ಒಂದು ಮನೆ, ಒಂದು ಆಫೀಸು. ನಡುವೆ ಒಂದು ಗೆರೆ. ಗಾಡಿಗಳು ಸಾಲುಗಟ್ಟಿ ನಿಲ್ಲುವ ಸಿಲ್ಕ್ ಬೋರ್ಡ್ ಸರ್ಕಲ್ ಬಂದ ಕಡೆ ಪೆನ್ಸಿಲ್ ಒತ್ತಿ ತೀಡಿ ತೀಡಿ ಹಾಳೆ ಹರಿದುಹೋಗಿತ್ತು.

ಅಮ್ಮ ಮೊದಲು "ನಂಗೆ ಬರಲ್ಲ" ಅಂದರು. ಆಮೇಲೆ ರಂಗೋಲಿ ಹಾಕುವವರ ಹಾಗೆ ಮೊದಲು ಚುಕ್ಕಿ ಇಟ್ಟರು. ಬೆಂಗಳೂರಿನ ಹಾಳೆ ತುಂಬಾ ಚುಕ್ಕಿ. ಹೂವಿನವಳು, ಎರಡು ಬಸ್ ಸ್ಟಾಪು, ರಾತ್ರಿ ಹನ್ನೊಂದರವರೆಗೆ ತೆಗೆದಿರುವ ಮೆಡಿಕಲ್ ಶಾಪು, ದೇವಸ್ಥಾನದ ಕಟ್ಟೆ, ಮಹಡಿ ಮನೆಯ ಹೆಂಗಸು, ಬೆಂಚಿರುವ ಪಾರ್ಕು. ಎಲ್ಲ ಇಟ್ಟು ಆಮೇಲೆ ಸೇರಿಸಿದರು. ಊರಿನ ಹಾಳೆಯಲ್ಲಿ ಅಡುಗೆಮನೆ, ಬಚ್ಚಲು, ಬಾವಿ, ಕೊಟ್ಟಿಗೆ, ಇಷ್ಟು ಒತ್ತೊತ್ತಾಗಿ ಒಂದು ಮೂಲೆಯಲ್ಲಿ. ಅಲ್ಲಿಂದ ಒಂದು ಉದ್ದನೆಯ ಗೆರೆ ಉಣುಗೋಲು ದಾಟಿ ಟಾರು ರಸ್ತೆಯವರೆಗೆ. ಆ ಗೆರೆಯ ಮೇಲೆ ಒಂದು ಕಡೆ ಅಡ್ಡ ಗೀಟು. "ಇದು ಏನು ಅಮ್ಮ?" ಅಂದೆ. "ಜೀಪು ನಿಂತ ಜಾಗ" ಅಂದರು. ಜಾಸ್ತಿ ಹೇಳಲಿಲ್ಲ. ನಾನೂ ಕೆದಕಲಿಲ್ಲ.

ಮಗ ಎಂಟನೇ ಕ್ಲಾಸಿಗೇ ಹಾಸ್ಟೆಲ್ ಸೇರಿದವರು. ಆಮೇಲೆ ಊರು ಅಂದರೆ ದಸರಾ ರಜೆ, ಬೇಸಿಗೆ ರಜೆ, ಹಬ್ಬ. ಕೇಳಿದೆ, "ಪೂರ್ತಿ ಒಂದು ಮಳೆಗಾಲ ಅಲ್ಲಿ ಕಳೆದಿದ್ದು ಯಾವಾಗ?" ಬೆರಳು ಎಣಿಸಿದರು. 13 ವರ್ಷದವರಾಗಿದ್ದಾಗ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿನಲ್ಲಿ ಬೀಳುವುದು ಸಾವಿರದ ಆಸುಪಾಸು. ವರ್ಷದ ಮೂರನೇ ಒಂದು ಭಾಗವೇ ಮಳೆ ಆಗಿರುವ ಊರನ್ನು, ಆ ಭಾಗ ಬಿಟ್ಟು ಉಳಿದದ್ದರಿಂದ ಅವರು ಅಳೆಯುತ್ತಿದ್ದರು.

ಅವರು ಎಂಜಿನಿಯರ್. ಭಾವನೆ ಮಾತಾಡಿದರೆ "ಆದರೂ ಮೇಡಂ" ಅನ್ನುತ್ತಿದ್ದರು. ಹಾಗಾಗಿ ಒಂದು ಅಧ್ಯಯನದ ಬಗ್ಗೆ ಹೇಳಿದೆ. 1998ರಲ್ಲಿ ಡೇವಿಡ್ ಷ್ಕೇಡ್ ಮತ್ತು ಡೇನಿಯಲ್ ಕಾನೆಮನ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿ ನೋಡಿದರು. ಕೆಲವರು ಹಿತವಾದ ಬಿಸಿಲಿನ ಕ್ಯಾಲಿಫೋರ್ನಿಯಾದವರು, ಕೆಲವರು ಚಳಿ ಕೊರೆಯುವ ನಡುನಾಡಿನ ರಾಜ್ಯಗಳವರು. ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ ಅಂದರೆ ಎರಡೂ ಕಡೆಯವರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು. ಆದರೆ ಯಾವ ಕಡೆಯವರು ಜಾಸ್ತಿ ಸುಖವಾಗಿದ್ದಾರೆ ಅಂದರೆ, ಇಬ್ಬರೂ ಕ್ಯಾಲಿಫೋರ್ನಿಯಾ ಅಂದರು. ದೂರದಿಂದ ಒಂದು ಊರನ್ನು ನೆನೆಸಿಕೊಂಡಾಗ ಅಲ್ಲಿನ ಒಂದು ವಿಷಯ ಕಣ್ಣು ತುಂಬಿಬಿಡುತ್ತದೆ, ಅಲ್ಲಿ ಬಿಸಿಲು, ಇಲ್ಲಿ ಗಾಳಿ ನೀರು. ಉಳಿದ ಇಪ್ಪತ್ಮೂರು ಗಂಟೆ ಹೇಗೆ ಕಳೆಯುತ್ತದೆ ಅನ್ನುವುದು ಕಾಣುವುದಿಲ್ಲ.

"ಹಾಗಾದ್ರೆ ಬೆಂಗಳೂರೇ ಒಳ್ಳೇದು ಅಂತೀರಾ? ಸರ್ಕಾರದ ಪಟ್ಟಿಯಲ್ಲಿ ಫಸ್ಟ್ ಬಂದಿತ್ತಲ್ಲ, ನನ್ನ ಹೆಂಡತಿ ಅದನ್ನೇ ಹೇಳ್ತಾಳೆ" ಅಂದರು, ಸ್ವಲ್ಪ ಕಹಿಯಾಗಿ.

ಬಂದಿದ್ದು ನಿಜ. ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ, 2020ರ ಪಟ್ಟಿಯಲ್ಲಿ, ಹತ್ತು ಲಕ್ಷ ಮೀರಿದ ಜನಸಂಖ್ಯೆಯ 49 ನಗರಗಳಲ್ಲಿ ಬೆಂಗಳೂರು ಮೊದಲನೆಯದು. ಅದೇ ಸೂಚ್ಯಂಕದ 2018ರ ಪಟ್ಟಿಯಲ್ಲಿ 111 ನಗರಗಳ ಪೈಕಿ 58ನೆಯದು. ಎರಡು ವರ್ಷದಲ್ಲಿ ಊರು ಅಷ್ಟು ಬದಲಾಯಿತಾ? ಅಳೆಯುವ ರೀತಿ ಬದಲಾಯಿತು. ಎರಡನೇ ಸಲ ಜನರ ಅಭಿಪ್ರಾಯಕ್ಕೇ ನೂರಕ್ಕೆ 30 ಅಂಕ ಇಟ್ಟರು. ಯಾವುದಕ್ಕೆ ಎಷ್ಟು ಅಂಕ ಅಂತ ತೀರ್ಮಾನಿಸುವವರ ಕೈಯಲ್ಲೇ ಮೊದಲ ಸ್ಥಾನ ಇರುತ್ತದೆ. ನಿಮ್ಮ ಮನೆಯಲ್ಲಿ ಆ ಅಂಕಗಳನ್ನು ನೀವೊಬ್ಬರೇ ಇಡುತ್ತಿದ್ದೀರಿ ಅಂದೆ. ಅವರು ಸುಮ್ಮನಾದರು. ಸಿಟ್ಟು ಬಂದಿತ್ತೇನೋ. ಆ ದಿನ ಅಲ್ಲಿಗೇ ಮುಗಿಸಿದೆವು.

ನಾಲ್ಕನೇ ಭೇಟಿಗೆ ಮೂವರೂ ಬಂದರು. ಮೇ ತಿಂಗಳ ಮಧ್ಯ ಇರಬೇಕು. ಹೊರಗೆ ಗುಡುಗು ಮಳೆ. ಕಿಟಕಿಯಾಚೆ ಹಾರ್ನ್ ಸದ್ದು ನಿಲ್ಲುತ್ತಲೇ ಇರಲಿಲ್ಲ. ಮಗ ಎದ್ದು ಕಿಟಕಿ ಹಾಕಿದರು. "ಇದೇ ನೋಡಿ. ಊರಲ್ಲಿ ರಾತ್ರಿ ಎಷ್ಟು ನಿಶ್ಶಬ್ದ ಗೊತ್ತಾ ಮೇಡಂ? ಜೀರುಂಡೆ ಬಿಟ್ರೆ ಏನೂ ಕೇಳಲ್ಲ. ಆ ನಿಶ್ಶಬ್ದಕ್ಕೇ ಅರ್ಧ ಆಯಸ್ಸು ಜಾಸ್ತಿ ಆಗುತ್ತೆ."

ಅಮ್ಮ ತಲೆ ಬಗ್ಗಿಸಿ ಸಂಚಿಯ ದಾರ ಸುತ್ತುತ್ತಿದ್ದರು. ಸುತ್ತುತ್ತಲೇ ಹೇಳಿದರು.

"ಅಪ್ಪಿ, ಆ ರಾತ್ರಿ ನಾ ಕೂಗಿದ್ದು ಯಾರಿಗೂ ಕೇಳಲಿಲ್ಲ."

ಆಮೇಲೆ ಒಂದೊಂದಾಗಿ ಬಂತು. ಹನ್ನೊಂದೂವರೆಗೆ ಗಂಡ ಎದೆನೋವು ಅಂದರು. ಕರೆಂಟು ಹೋಗಿ ಎರಡು ದಿನ ಆಗಿತ್ತು. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಬರುವುದಿಲ್ಲ, ಹಿಂದಿನ ದಿಬ್ಬ ಹತ್ತಬೇಕು. ಮಳೆಯಲ್ಲಿ ಟಾರ್ಚ್ ಹಿಡಿದು ಹತ್ತಿದರು. ಸಿಗ್ನಲ್ ಸಿಗಲಿಲ್ಲ. ಇಳಿದು ಬಂದರು. ಗಂಡನಿಗೆ ನೀರು ಕೊಟ್ಟರು. ಮತ್ತೆ ಹತ್ತಿದರು. ಆಚೆ ಮನೆಯ ಕಡೆ ಮುಖ ಮಾಡಿ ಕೂಗಿದರು. ಮಳೆಯ ಸದ್ದಿನಲ್ಲಿ ಆ ಕೂಗು ಎಲ್ಲಿಗೆ ಮುಟ್ಟಬೇಕು? ಮೂರನೇ ಸಲ ಫೋನು ಹೋಯಿತು. ಜೀಪು ಬರುವಾಗ ನಾಲ್ಕು ಗಂಟೆ. ದಾರಿಯಲ್ಲಿ ಮರ ಬಿದ್ದಿತ್ತು. ಮನೆಯವರೆಗೂ ಬರಲಾಗಲಿಲ್ಲ. ಗೆರೆಯ ಮೇಲಿನ ಅಡ್ಡ ಗೀಟು ಅದು.

"ನಂಗೆ ಫೋನಲ್ಲಿ ರಾತ್ರಿ ಹೋದ್ರು ಅಂತ ಅಷ್ಟೇ ಅಂದಿದ್ದೆ" ಅಂದರು ಮಗ. ದನಿ ಒಡೆದಿತ್ತು.

"ಅಷ್ಟು ದೂರದಿಂದ ಗಾಡಿ ಓಡಿಸಿಕೊಂಡು ಬರೋನಿಗೆ ಎಂತ ಹೇಳೋದು?" ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ಇಲ್ಲಿ ರಾತ್ರಿ ಎರಡು ಗಂಟೆಗೆ ಎಚ್ಚರ ಆದ್ರೆ ಒಂದು ಆಟೋ ಹೋಗುತ್ತೆ. ಯಾರೋ ಎಚ್ಚರ ಇದ್ದಾರೆ ಅನ್ಸುತ್ತೆ. ಮತ್ತೆ ನಿದ್ದೆ ಬರುತ್ತೆ."

ಮಗ ಎದ್ದು ಕಿಟಕಿ ತೆಗೆದರು. ನಾನು ಹೇಳಿರಲಿಲ್ಲ, ತಾವಾಗಿಯೇ ತೆಗೆದರು.

ಒಂದೇ ನಿಶ್ಶಬ್ದ, ಮಗನಿಗೆ ಬಾಲ್ಯ, ಅಮ್ಮನಿಗೆ ಆ ರಾತ್ರಿ. ಒಂದೇ ಹಾರ್ನ್ ಸದ್ದು, ಮಗನಿಗೆ ಸಿಲ್ಕ್ ಬೋರ್ಡ್, ಅಮ್ಮನಿಗೆ ಕಾವಲು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಊರಿನ ವರದಿ ಅಂತ ಕೇಳಿಸಿಕೊಂಡು ವಾದ ಮಾಡುತ್ತಿದ್ದರು. "ಅಲ್ಲಿ ಚೆನ್ನಾಗಿದೆ", "ಇಲ್ಲಿ ಚೆನ್ನಾಗಿದೆ" ಅನ್ನುವ ಜಗಳ ಎಷ್ಟು ವರ್ಷ ಬೇಕಾದರೂ ನಡೆಯಬಹುದು. ನನಗೆ ಈ ಕೆಲಸದಲ್ಲಿ ಬಹಳ ಸಲ ಹೀಗೆ ಕಂಡಿದೆ. ಜನ ಊರಿನ ಬಗ್ಗೆ ಗಟ್ಟಿಯಾಗಿ ಮಾತಾಡುವಾಗ ಅದರ ಕೆಳಗೆ ಒಂದು ಹೊತ್ತು, ಒಬ್ಬ ಮನುಷ್ಯ ಇರುತ್ತಾರೆ.

ಮಗನ ಹೊತ್ತು ಯಾವುದು, ಮನುಷ್ಯ ಯಾರು ಅನ್ನುವುದು ಐದನೇ ಭೇಟಿಯಲ್ಲಿ ಗೊತ್ತಾಯಿತು. ಅಪ್ಪ ಹೋದ ಮೇಲೆ ಅವರು ಅತ್ತಿರಲಿಲ್ಲ. ಓಡಾಟ, ಕಾರ್ಯ, ಖರ್ಚು, ತೋಟವನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಕಾಗದ, ರಜೆ ಮುಗಿದು ಆಫೀಸು. "ಮನೆ ಬಾಗಿಲು ಹಾಕಿದ್ರೆ ಅಪ್ಪ ಇನ್ನೊಂದ್ಸಲ ಹೋದ ಹಾಗೆ ಮೇಡಂ. ಅಮ್ಮ ಅಲ್ಲಿದ್ರೆ ಸಂಜೆ ದೀಪ ಹಚ್ತಾಳೆ. ಜಗಲಿ ಗುಡಿಸ್ತಾಳೆ. ನಾನು ಯಾವಾಗ ಹೋದ್ರೂ ಹಾಗೇ ಇರುತ್ತೆ." ಆ ದಿನ ಅತ್ತರು. ನನ್ನ ಪಾಲಿಗೆ ಇಡೀ ಪ್ರಕರಣದ ಮುಖ್ಯ ಗಳಿಗೆ ಅದು. ಅಪ್ಪನನ್ನು ಉಳಿಸಿಕೊಳ್ಳಲು ಅಮ್ಮನನ್ನು ಅಲ್ಲಿ ಇಡಬೇಕಾಗಿತ್ತು ಅವರಿಗೆ. ಅದನ್ನು ಅವರೂ ಕಂಡಿರಲಿಲ್ಲ.

ನಾನು ಕೊಟ್ಟ ಸಲಹೆಗಳನ್ನು ಈಗ ಹೇಳುತ್ತೇನೆ.

ಮಗನಿಗೆ ಹೇಳಿದ ಮೊದಲ ಮಾತು, ವರ್ಷದ ತಿಥಿ ಮುಗಿಯುವವರೆಗೆ ಯಾರನ್ನೂ ಎಲ್ಲಿಗೂ ಸಾಗಿಸುವ ತೀರ್ಮಾನ ಬೇಡ. ಸಾವಿನ ಮೊದಲ ವರ್ಷದಲ್ಲಿ ಮನೆ ಮಾರುವುದು, ಊರು ಬಿಡುವುದು, ಊರು ಸೇರುವುದು, ಇವೆಲ್ಲ ಆದಷ್ಟು ಮುಂದೆ ಹೋಗಲಿ. ಒಂದು ಸುತ್ತು ಎಲ್ಲ ಹಬ್ಬ, ಎಲ್ಲ ಋತು ಆ ಮನುಷ್ಯ ಇಲ್ಲದೆ ಕಳೆಯಬೇಕು. ಆಮೇಲೆ ಮನಸ್ಸು ತಾನಾಗಿ ಬೇರೆ ಮಾತಾಡುತ್ತದೆ.

ಎರಡನೆಯದು, ಆಷಾಢದಲ್ಲಿ ಒಬ್ಬರೇ ಊರಿಗೆ ಹೋಗಿ ಇರಿ ಅಂದೆ. ಹಬ್ಬಕ್ಕಲ್ಲ, ರಜೆಗಲ್ಲ. ಅಲ್ಲಿಂದಲೇ ಆಫೀಸಿನ ಕೆಲಸ ಮಾಡಿ. ಅಮ್ಮ ಜೊತೆಗೆ ಬರಬಾರದು. ನೀವೇ ಒಲೆ ಹೊತ್ತಿಸಿ, ಬಟ್ಟೆ ಒಣಗಿಸಿ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಿ. ನೆಲೆಸಬೇಕು ಅಂತ ಆಸೆ ಇರುವ ಊರಿನ ಮಂಗಳವಾರ ಹೇಗಿರುತ್ತದೆ ಅಂತ ನೋಡಬೇಕು. ಊರು ಬದಲಾಯಿಸುವ ಯೋಚನೆ ಇರುವ ಯಾರಿಗಾದರೂ ನಾನು ಇದನ್ನೇ ಹೇಳುತ್ತೇನೆ. ಮೈಸೂರಿಗೆ ಹೋಗಿ ಸೆಟ್ಲ್ ಆಗ್ತೀವಿ ಅನ್ನುವವರಿಗೂ, ವಿದೇಶದಿಂದ ಬೆಂಗಳೂರಿಗೆ ಬರ್ತೀವಿ ಅನ್ನುವವರಿಗೂ. ಅಲ್ಲಿನ ಅತಿ ಕೆಟ್ಟ ತಿಂಗಳಿನಲ್ಲಿ, ಕೆಲಸದ ದಿನಗಳಲ್ಲಿ, ಸ್ವಂತ ಕೈಯಿಂದ ಸಂಸಾರ ನಡೆಸಿ ನೋಡಿ.

ಮೂರನೆಯದು ಮೂವರಿಗೂ. ಮನೆಯಲ್ಲಿ "ಅಲ್ಲಿ ಚೆನ್ನಾಗಿದೆ" ಅನ್ನುವ ವಾಕ್ಯವನ್ನು ಸ್ವಲ್ಪ ದಿನ ಬಿಟ್ಟುಬಿಡಿ. ಅದರ ಬದಲು ಹೊತ್ತು, ಜೊತೆ, ಕಾರಣ ಸೇರಿಸಿ ಹೇಳಿ. "ಊರಲ್ಲಿ ಸಂಜೆ ಜಗಲಿಯಲ್ಲಿ ಕೂತಾಗ ಅಪ್ಪ ಇದ್ದಾರೆ ಅನ್ಸುತ್ತೆ, ಅದಕ್ಕೆ ನಂಗೆ ಬೇಕು." ಈ ಮಾತಿಗೆ ಯಾರೂ ಎದುರುವಾದ ಮಾಡುವುದಿಲ್ಲ. ಮಾಡಲು ಬರುವುದೂ ಇಲ್ಲ.

ಅಮ್ಮನಿಗೆ ಹೇಳಿದ್ದು, ಓಡಾಟ ಮುಚ್ಚಿಡಬೇಡಿ. ಸಂಚಿಯಲ್ಲಿ ಮನೆ ವಿಳಾಸ, ಮಗ ಸೊಸೆಯ ಫೋನ್ ನಂಬರು, ತಗೊಳ್ಳುವ ಮಾತ್ರೆಯ ಹೆಸರು ಬರೆದ ಒಂದು ಚೀಟಿ ಇರಲಿ. ಹೊರಡುವಾಗ ಒಂದು ಫೋನ್ ಮಾಡಿ. ಮಗ ಹೆದರಿದರೆ ಹೆದರಲಿ, ನಿಧಾನಕ್ಕೆ ರೂಢಿ ಆಗುತ್ತದೆ. ಇನ್ನು, ಪೌತಿ ಖಾತೆ ಮಾಡಿಸುವಾಗ ಅಮ್ಮನ ಹೆಸರೂ ಸೇರಲಿ, ತೋಟದ ಆದಾಯದಲ್ಲಿ ಅವರ ಪಾಲು ಅವರದೇ ಬ್ಯಾಂಕ್ ಖಾತೆಗೆ ಹೋಗಲಿ ಅಂತ ಮಗನಿಗೆ ಖಡಾಖಂಡಿತವಾಗಿ ಹೇಳಿದೆ. ಕೈಯಲ್ಲಿ ಸ್ವಂತ ದುಡ್ಡಿಲ್ಲದ ಹೆಂಗಸಿಗೆ "ನಿಂಗೆ ಎಲ್ಲಿ ಇಷ್ಟ" ಅಂತ ಕೇಳುವುದರಲ್ಲಿ ಅರ್ಥ ಇಲ್ಲ.

ಮಗನ ದಿನದ ಓಡಾಟದ ಬಗ್ಗೆಯೂ ಮಾತಾಡಿದೆವು. ಸ್ಟಟ್ಸರ್ ಮತ್ತು ಫ್ರೈ ಅನ್ನುವ ಅರ್ಥಶಾಸ್ತ್ರಜ್ಞರು 2008ರಲ್ಲಿ ಜರ್ಮನಿಯ ಜನರ ಮಾಹಿತಿ ಇಟ್ಟುಕೊಂಡು ತೋರಿಸಿದ್ದಾರೆ. ಕೆಲಸಕ್ಕೆ ದೂರ ಓಡಾಡುವವರ ನೆಮ್ಮದಿ ಕಡಿಮೆಯೇ ಇರುತ್ತದೆ, ಒಳ್ಳೆ ಮನೆ, ಒಳ್ಳೆ ಸಂಬಳ ಅದನ್ನು ಪೂರ್ತಿ ತುಂಬುವುದಿಲ್ಲ. ಆಫೀಸಿನ ಹತ್ತಿರ ಮನೆ ಮಾಡಿದರೆ ಅಮ್ಮನ ಚುಕ್ಕಿಗಳೆಲ್ಲ ಹೋಗುತ್ತವೆ. ಆಗಸ್ಟ್ 10ಕ್ಕೆ ಮೆಟ್ರೋದ ಹಳದಿ ಮಾರ್ಗ ಉದ್ಘಾಟನೆಯಾಯಿತು. ಈಗ ಬನಶಂಕರಿಯಲ್ಲಿ ಹತ್ತಿ, ಆರ್.ವಿ. ರಸ್ತೆಯಲ್ಲಿ ಬದಲಿಸಿ, ಸಿಲ್ಕ್ ಬೋರ್ಡ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿಯುತ್ತಾರೆ. ಪೂರ್ತಿ ಪರಿಹಾರ ಅಲ್ಲ. ಆದರೂ ಆ ಹರಿದ ಹಾಳೆಯ ಜಾಗ ಈಗ ಸೇತುವೆ ಮೇಲಿಂದ ದಾಟುತ್ತದೆ.

ಇದನ್ನು ಓದಿ ಯಾರೂ ಊರಿನಲ್ಲಿರುವ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬರಬೇಡಿ. ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಯಲ್ಲಿ ಕೂತು ಕೊಟ್ಟಿಗೆಯ ದನ ನೆನೆದು ಕಣ್ಣೀರು ಹಾಕುವ ಹಿರಿಯರೂ ನನ್ನ ಹತ್ತಿರ ಬರುತ್ತಾರೆ. ಅವರ ಮಕ್ಕಳೂ "ಇಷ್ಟೆಲ್ಲ ಸೌಕರ್ಯ ಇದ್ದೂ ಅಮ್ಮನಿಗೆ ಏನೋ ಆಗಿದೆ" ಅಂತಲೇ ಶುರುಮಾಡುತ್ತಾರೆ. ಕೇಳಬೇಕಾದ್ದು ಅಮ್ಮನನ್ನು. ಕೇಳುವುದು ಕಷ್ಟ ಅನಿಸಿದರೆ, ಮನೆಯಲ್ಲಿ ಮಾತು ಹರಿದುಹೋಗಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮಗ ಆಷಾಢದಲ್ಲಿ ಒಂಬತ್ತು ದಿನ ಊರಿನಲ್ಲಿದ್ದರು. ಕಾಲಿಗೆ ಉಂಬಳ ಕಚ್ಚಿದ ಗುರುತು ತೋರಿಸಿದರು. ನೆಟ್‌ವರ್ಕ್ ಸಿಗದೆ ಎರಡು ಮೀಟಿಂಗ್ ತಪ್ಪಿದವು. ಬಟ್ಟೆ ಒಣಗದೆ ಒಲೆಯ ಮೇಲೆ ಹರಡಿದ್ದರಂತೆ. ಮೊದಲ ರಾತ್ರಿ ಆ ನಿಶ್ಶಬ್ದಕ್ಕೆ ನಿದ್ದೆ ಬರಲಿಲ್ಲವಂತೆ. ಎದ್ದು ಹಿಂದಿನ ದಿಬ್ಬ ಹತ್ತಿ ಇಳಿದು ಬಂದರು. ಎಷ್ಟು ಹೊತ್ತು ಬೇಕು ಅಂತ ನೋಡಿದರು. ಎಷ್ಟು ಅಂತ ನನಗೆ ಹೇಳಲಿಲ್ಲ.

ಊರು ಈಗಲೂ ಅವರಿಗೆ ಇಷ್ಟ. ಮೊದಲಿಗಿಂತ ಜಾಸ್ತಿ ಅಂದರು. ತೋಟವನ್ನು ಮಾರುವುದಿಲ್ಲ. ಈ ವರ್ಷದ ಫಸಲನ್ನು ಆಚೆ ಮನೆಯವರಿಗೇ ಚೇಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟಿದ್ದಾರೆ. ಸಂಜೆ ದೀಪವನ್ನೂ ಅವರೇ ಹಚ್ಚುತ್ತಾರೆ. ಎರಡು ತಿಂಗಳಿಗೊಮ್ಮೆ ಮಗ ಹೋಗಿಬರುವುದು ಅಂತ ಆಗಿದೆ.

ತಿಥಿಗೆ ಅಮ್ಮನೂ ಹೋದರು. ಹೋಗುವ ಮೊದಲು ಒಂದೇ ಷರತ್ತು, ರಾತ್ರಿ ಒಬ್ಬಳನ್ನೇ ಬಿಡಬಾರದು. ಮೊದಲ ರಾತ್ರಿ ಇಬ್ಬರೂ ಅಡುಗೆಮನೆಯಲ್ಲಿ ಕೂತಿದ್ದರಂತೆ. ಹನ್ನೊಂದೂವರೆಯಿಂದ ನಾಲ್ಕು ಗಂಟೆಯವರೆಗೆ. ಅಮ್ಮ ಗಂಟೆ ಗಂಟೆಗೆ ಏನಾಯಿತು ಅಂತ ಹೇಳಿದರು, ಮಗ ಕೇಳಿಸಿಕೊಂಡರು. ಮೂರನೇ ದಿನ ಅಮ್ಮನೇ "ಹೊರಡೋಣ" ಅಂದರು.

ಇನ್ನು ಸೊಸೆ. ಬೆಂಗಳೂರಲ್ಲೇ, ರಾಜಾಜಿನಗರದಲ್ಲಿ ಬೆಳೆದವರು. ನಾಲ್ಕನೇ ಭೇಟಿಯಲ್ಲಿ ಅವರು ಇಡೀ ಹೊತ್ತು ಮಾತಾಡಿರಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅತ್ತೆ ಇಲ್ಲಿದ್ರೆ ನಂಗೂ ಒಳ್ಳೇದೇ ಮೇಡಂ. ಆದ್ರೆ ಎರಡು ಕೋಣೆ ಮನೆ. ನಂಗೆ ಬಾಗಿಲು ಹಾಕ್ಕೊಂಡು ಕೂರೋಕೆ ಒಂದು ಜಾಗ ಇಲ್ಲ. ಇದನ್ನ ನನ್ನ ಯಾರೂ ಕೇಳಲೇ ಇಲ್ಲ" ಅಂದಿದ್ದರು. ಅಮ್ಮ ಮಗನ ದುಃಖದ ನಡುವೆ ಆ ಮಾತನ್ನು ನಾನೂ ಬದಿಗಿಟ್ಟಿದ್ದೆ.

ಮುಂದಿನ ಭೇಟಿ ದೀಪಾವಳಿ ಆದ ಮೇಲೆ. ಆ ದಿನ ಮೊದಲು ಅವರು ಮಾತಾಡುತ್ತಾರೆ. ಕಾಗದ, ಪೆನ್ಸಿಲ್ ತೆಗೆದಿಟ್ಟಿದ್ದೇನೆ.